ಉಪ್ಪಿಗೆ ಸಾಯದ ಎರೆ

ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಇಳಿಯುವವರ ಜೇಬಿನಲ್ಲಿ ಒಂದು ಸಣ್ಣ ಉಪ್ಪಿನ ಗಂಟು ಇರುತ್ತದೆ. ಕಾಲಿಗೆ ಹತ್ತಿದ ಜಿಗಣೆಯ ಮೇಲೆ ಒಂದು ಚಿಟಿಕೆ ಉದುರಿಸಿದರೆ ಸಾಕು, ಅದು ಮುದುಡಿ, ನೀರು ಬಿಟ್ಟುಕೊಂಡು, ಕಳಚಿ ಬೀಳುತ್ತದೆ. ಕೊಡಗಿನಲ್ಲಿ ಇದು ಆರು ವರ್ಷದ ಮಗುವಿಗೂ ಗೊತ್ತು. ಇಷ್ಟು ಗೊತ್ತಿದ್ದೂ ನಾನು ಒಮ್ಮೆ ಗೊಬ್ಬರದ ಗುಂಡಿಯಿಂದ ಒಂದು ಕರಟದ ತುಂಬ ಎರೆಹುಳು ಹೆಕ್ಕಿಕೊಂಡು, ಸಂಪಾಜೆ ಘಾಟಿ ಇಳಿದು, ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲಿ ಗಾಳ ಹಾಕಲು ಹೋಗಿದ್ದೆ.

ಗಾಳಕ್ಕೆ ಪೋಣಿಸಿದ ಹುಳು ಉಪ್ಪುನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೆಲ್ಲ ಬಿಳಿಚಿಕೊಂಡು ನೆನೆದ ನೂಲಿನಂತೆ ಜೋತುಬಿತ್ತು. ಮೀನು ಮೂಸಿಯೂ ನೋಡಲಿಲ್ಲ. ಪಕ್ಕದಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಕರಟದೊಳಗೆ ಇಣುಕಿ, "ಇದು ತೋಟದ ಹುಳು ಅಲ್ಲವಾ ಮಾರಾಯರೇ, ಇದಕ್ಕೆ ಉಪ್ಪು ಆಗುವುದಿಲ್ಲ" ಎಂದರು. ಆಮೇಲೆ ತಮ್ಮ ಸಣ್ಣ ಗುದ್ದಲಿಯಿಂದ ಒಂದು ಹೆಂಟೆ ಕೆಸರು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಬಿಸಿ ಕಡುಬು ಬಿಡಿಸುವ ಹಾಗೆ ನಿಧಾನವಾಗಿ ಬಿಡಿಸಿದರು. ಒಳಗೆ ನುಣುಪು ಗೋಡೆಯ ಒಂದು ಬಿಲ. ಬಿಲದಲ್ಲಿ ಹಸಿರು ಛಾಯೆಯ ಕೆಂಪು ಹುಳು. ಅದರ ಎರಡೂ ಪಕ್ಕಗಳಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಪುಟ್ಟ ಕಾಲುಗಳು. ಬೆನ್ನಿನ ನಡುವೆ ಒಂದು ರಕ್ತನಾಳ ಮಿಡಿಯುತ್ತಿರುವುದು ಬರಿಗಣ್ಣಿಗೇ ಕಾಣುತ್ತಿತ್ತು. ಏಳೆಂಟು ಹುಳು ಸಿಕ್ಕ ಮೇಲೆ ಅವರು ಎತ್ತಿದ ಕೆಸರನ್ನೆಲ್ಲ ಗುಂಡಿಗೆ ತಳ್ಳಿ ಕಾಲಿನಿಂದ ತುಳಿದು ಸಮಮಾಡಿದರು. ಏಕೆಂದು ಕೇಳಿದೆ. "ರಾತ್ರಿ ಬಲೆ ಬೀಸಲು ಬರುವವನ ಕಾಲು ಮುರಿಯಬಾರದಲ್ಲ" ಎಂದರು. ಪರಿಸರದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಆದರೆ ಗಾಳಕ್ಕಾಗಿ ಕಡಲ ಹುಳುವನ್ನು ಹೇಗೆ ತೆಗೆದರೆ ಅದು ಮುಂದಿನ ವರ್ಷವೂ ಅಲ್ಲೇ ಸಿಗುತ್ತದೆ ಎಂದು ಬೇರೆ ಬೇರೆ ದೇಶಗಳಲ್ಲಿ ಬರೆದಿಟ್ಟ ನಿಯಮಗಳನ್ನು ಆಮೇಲೆ ಓದಿದಾಗ, ಆ ತುಳಿತವೇ ಅವುಗಳಲ್ಲಿ ಎದ್ದುಕಾಣುತ್ತಿತ್ತು.

ಕನ್ನಡದಲ್ಲಿ ಎರೆ ಎಂದರೆ ಮೊದಲಿಗೆ ಆಹಾರ, ಹಕ್ಕಿ ಮೀನುಗಳಿಗೆ ಒಡ್ಡುವ ತಿನಿಸು. ಎರೆಹುಳು ಎಂಬ ಹೆಸರಿನಲ್ಲೇ ಗಾಳ ಅಡಗಿದೆ. ಈ ಹುಳುವೂ ಜಿಗಣೆಯೂ ಕಡಲ ಹುಳುವೂ ಒಂದೇ ಮನೆತನದವು; ಮೈಯೆಲ್ಲ ಉಂಗುರ ಪೋಣಿಸಿದಂತಿರುವ ಇವನ್ನು ಶಾಲೆಯ ಪಾಠದಲ್ಲಿ ಅನೆಲಿಡ ಅಥವಾ ವಲಯವಂತಗಳು ಎಂದು ಓದಿದ್ದೇವೆ. ಕಡಲ ಕವಲಿಗೆ ಪಾಲಿಕೀಟ್ ಎಂದು ಹೆಸರು, ಅಂದರೆ ಬಹಳ ಬಿರುಗೂದಲಿನವು. ಇದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ಗುರುತಿಸಿದ್ದಾರೆ. ವಂಶಾವಳಿಯನ್ನು ಕೆದಕಿದರೆ ನಮ್ಮ ಎರೆಹುಳು, ಜಿಗಣೆಗಳೇ ಈ ಕಡಲ ಹುಳುಗಳ ಹಳೆಯ ಮರದಿಂದ ಒಡೆದು ಬಂದ ಒಂದು ಕೊಂಬೆ. ಸಿಹಿನೀರಿಗೂ ಒದ್ದೆ ನೆಲಕ್ಕೂ ಬಂದವು ಉಪ್ಪು ತಾಳುವ ಗುಣವನ್ನು ಕಳೆದುಕೊಂಡವು. ಉಪ್ಪು ತಾಗಿದರೆ ಅವುಗಳ ತೆಳು ಚರ್ಮದ ಮೂಲಕ ಒಳಗಿನ ನೀರೇ ಹೊರಗೆ ಹರಿದುಬಿಡುತ್ತದೆ. ನನ್ನ ಕರಟದ ಹುಳುಗಳಿಗೆ ಆದದ್ದು ಅದೇ.

ಮೀನಿಗೆ ಕಡಲ ಹುಳು ಅಷ್ಟು ಇಷ್ಟವಾಗುವುದು ಅದರ ಹೊರಳಾಟಕ್ಕಷ್ಟೇ ಅಲ್ಲ, ಮೈರಸಕ್ಕೂ ಹೌದು. ಹುಳುವಿನಿಂದ ನೀರಿಗೆ ಸೋರುವ ಅಮೈನೋ ಆಮ್ಲಗಳು ಬಹಳ ತೆಳುವಾಗಿದ್ದರೂ ಮೀನಿನ ಮೂಗು ಅವನ್ನು ಹಿಡಿಯುತ್ತದೆ. ಕಾವೇರಿಯ ಮಡುವಿನಲ್ಲಿ ರಾಗಿ ಮುದ್ದೆ ಕಟ್ಟಿ ಬಿಳಿಮೀನಿಗೆ ಕಾಯುವವರಿಗೆ ವಾಸನೆಯ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ.

ಈ ಹುಳುವಿನ ವ್ಯಾಪಾರ ನಾವು ಊಹಿಸುವುದಕ್ಕಿಂತ ದೊಡ್ಡದು. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 1,21,000 ಟನ್ ಕಡಲ ಹುಳು ಗಾಳಕ್ಕೆ ಹೋಗುತ್ತದೆ ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತು. ಕೆಲವು ಹುಳುಗಳ ಚಿಲ್ಲರೆ ಬೆಲೆ, ಕಿಲೋ ಲೆಕ್ಕದಲ್ಲಿ, ಅವುಗಳಿಂದ ಹಿಡಿಯುವ ಮೀನಿಗಿಂತ ಎಷ್ಟೋ ಹೆಚ್ಚು. ಅಮೆರಿಕದ ಮೇಯ್ನ್ ರಾಜ್ಯದ ಕರಾವಳಿಯಲ್ಲಿ ರಕ್ತಹುಳು ಎಂದು ಕರೆಯುವ ಗ್ಲೈಸೆರಾವನ್ನು ಅಗೆಯುವುದೇ ಅನೇಕರ ಜೀವನೋಪಾಯ. ಇಳಿತದ ಹೊತ್ತಿಗೆ ಸೊಂಟ ಬಗ್ಗಿಸಿ, ಗಿಡ್ಡ ಹಿಡಿಯ ಮುಳ್ಳುಗುದ್ದಲಿಯಿಂದ ಕೆಸರು ಮಗುಚುತ್ತ ಹೋಗುತ್ತಾರೆ. ಈ ಹುಳುವಿನ ನಾಲ್ಕು ಹಲ್ಲುಗಳಲ್ಲಿ ತಾಮ್ರದ ಖನಿಜವಿದೆ, ಜೊತೆಗೆ ವಿಷವೂ. ಕಚ್ಚಿದರೆ ಜೇನು ಕುಟುಕಿದಂತಾಗುತ್ತದಂತೆ.

ಇನ್ನು ಆಸ್ಟ್ರೇಲಿಯಾದ ಮರಳು ದಂಡೆಯಲ್ಲಿ ಹುಳು ಹಿಡಿಯುವ ಪರಿ ಬೇರೆ. ಹಳಸಿದ ಮೀನನ್ನು ಬಲೆಚೀಲದಲ್ಲಿ ಕಟ್ಟಿ ಅಲೆ ಹಿಂದೆ ಸರಿಯುವಾಗ ಮರಳಿನ ಮೇಲೆ ಎಳೆಯುತ್ತಾರೆ. ವಾಸನೆಗೆ ಒಂದು ತಲೆ ಮರಳಿನಿಂದ ಅರ್ಧ ಬೆರಳಿನಷ್ಟು ಮೇಲೇಳುತ್ತದೆ. ಕೈಯಲ್ಲಿ ಒಂದು ತುಂಡು ಮಾಂಸ ತೋರಿಸಿ, ಹುಳು ಅದನ್ನು ಕಚ್ಚಿ ಎಳೆಯಲು ಬೆನ್ನು ಕಮಾನು ಮಾಡಿದ ಗಳಿಗೆಯಲ್ಲೇ ಎರಡು ಬೆರಳಿನಿಂದ ಹಿಡಿಯಬೇಕು. ಒಂದು ಕ್ಷಣ ಮುಂಚೆ ಕೈಹಾಕಿದರೆ ಮಾಯ. ಹಿಡಿತ ಸಿಕ್ಕರೆ ಮೀಟರಿಗೂ ಉದ್ದದ ಹುಳು ಸೀರೆಯ ಸೆರಗಿನಂತೆ ಹೊರಗೆ ಬರುತ್ತದೆ. ಅಗೆತವಿಲ್ಲ, ಗುಂಡಿಯಿಲ್ಲ. ಹುಳು ಹಿಡಿಯುವ ಇಷ್ಟು ಚೊಕ್ಕವಾದ ವಿದ್ಯೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಸರಿ, ಹುಳು ತೆಗೆದರೆ ನಷ್ಟವೇನು? ಇಂಗ್ಲೆಂಡ್, ಹಾಲೆಂಡ್ ಕಡೆಯ ಕೆಸರು ಬಯಲುಗಳಲ್ಲಿ ಸಿಗುವ ಲಗ್ ಹುಳುವನ್ನೇ ನೋಡಿ. ಅದರ ಬಿಲ ಇಂಗ್ಲಿಷಿನ ಯು ಅಕ್ಷರದ ಆಕಾರದ್ದು. ಒಂದು ತುದಿಯಲ್ಲಿ ಮರಳು ಕುಸಿದು ಸಣ್ಣ ಬಟ್ಟಲಿನಂತಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಹುಳು ಹೊರಹಾಕಿದ ಮರಳು ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ. ಚಿತ್ರದಲ್ಲಿ ನೋಡಿದಾಗ ನನಗೆ ಒರಳಿನಿಂದ ಆಗತಾನೇ ಒತ್ತಿದ ನೂಪುಟ್ಟಿನ ನೆನಪಾಯಿತು. ಹುಳು ಮರಳನ್ನೇ ನುಂಗಿ, ಅದರಲ್ಲಿರುವ ಸೂಕ್ಷ್ಮಜೀವಿ ಮತ್ತು ಕೊಳೆತ ಕಣಗಳನ್ನು ಅರಗಿಸಿಕೊಂಡು, ಉಳಿದದ್ದನ್ನು ಮೇಲೆ ತಂದು ಹಾಕುತ್ತದೆ. ಜೊತೆಗೆ ಬಿಲದೊಳಗೆ ನೀರನ್ನು ಒಂದೇ ಸಮನೆ ಪಂಪ್ ಮಾಡುತ್ತದೆ. ಕೆಸರಿನ ಕೆಳಪದರ ಕಪ್ಪಗೆ, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿರುತ್ತದೆ, ಏಕೆಂದರೆ ಅಲ್ಲಿಗೆ ಆಮ್ಲಜನಕ ಇಳಿಯುವುದಿಲ್ಲ. ಹುಳು ಇರುವಲ್ಲಿ ಮಾತ್ರ ಬಿಲದ ಸುತ್ತ ಕಂದು ಬಣ್ಣದ ಉಂಗುರ ಕಾಣುತ್ತದೆ. ಅಷ್ಟು ಕೆಸರು ಉಸಿರಾಡುತ್ತಿದೆ ಎಂದರ್ಥ. ತೋಟದ ಮಣ್ಣಿಗೆ ಎರೆಹುಳು ಮಾಡುವ ಕೆಲಸವನ್ನೇ ಅಳಿವೆಗೆ ಇದು ಮಾಡುತ್ತದೆ.

ತಿನ್ನುವವರೂ ಕಾದಿರುತ್ತಾರೆ. ಉಬ್ಬರದಲ್ಲಿ ಮೀನು, ಇಳಿತದಲ್ಲಿ ಹಕ್ಕಿ. ಕೋಯಿಕ್ಕೋಡಿನ ಹತ್ತಿರ ಕಡಲುಂಡಿ ಎಂಬ ಅಳಿವೆಯಿದೆ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಬರುವ ಗೊರವದ ಬಳಗದ ಹಕ್ಕಿಗಳು ಅಲ್ಲಿನ ಕೆಸರಿಗೆ ಕೊಕ್ಕು ಚುಚ್ಚಿ ಚುಚ್ಚಿ ಹೆಕ್ಕುವುದರಲ್ಲಿ ಈ ಹುಳುಗಳೇ ಮುಖ್ಯ. ಕೆಸರು ಎಂದರೆ ಬೀಳು ಜಾಗ ಎಂದು ತಿಳಿಯುವವರು ಒಂದು ಮುಂಜಾನೆ ಇಳಿತದ ಹೊತ್ತಿಗೆ ಅಲ್ಲಿ ನಿಂತು ನೋಡಬೇಕು. ನಮ್ಮ ದೇಶದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಜೀವಿಗಳಿಂದ ತುಂಬಿದ ಕೆಸರು ಬಯಲುಗಳನ್ನು ಅತಿ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲೇ ಇಟ್ಟಿದೆ.

ಚಂದ್ರಗಿರಿಯ ಕೆಸರಿನಲ್ಲಿ ಕೊಡಗಿನ ಪಾಲೂ ಇದೆ. ಸಂಪಾಜೆಯ ಪಕ್ಕ ಹರಿಯುವ ಪಯಸ್ವಿನಿಯೇ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುವುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜಾರಿದಾಗ ಆ ಹೊಳೆ ಹೊತ್ತೊಯ್ದ ಮಣ್ಣಿನ ಬಣ್ಣವನ್ನು ನಾವೆಲ್ಲ ನೋಡಿದ್ದೇವೆ.

ಈಗ ನಿಜವಾದ ತೊಡಕಿಗೆ ಬರೋಣ. ಎಷ್ಟು ಹುಳು ತೆಗೆಯಬಹುದು ಎಂಬ ಪ್ರಶ್ನೆಗೆ ಒಂದು ಸಂಖ್ಯೆಯ ಉತ್ತರ ಕೊಡಲು ಆಗುವುದಿಲ್ಲ. ಹುಳು ಹೇಗೆ ಮರಿ ಮಾಡುತ್ತದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮಲ್ಲಿ ಎರಡು ಗಿಡಗಳಿವೆ. ಕಾಫಿ ಪ್ರತಿ ವರ್ಷ ಹೂ ಬಿಡುತ್ತದೆ, ಹಣ್ಣು ಕೊಯ್ದರೂ ಮುಂದಿನ ವರ್ಷ ಮತ್ತೆ ಕಚ್ಚುತ್ತದೆ. ಬಿದಿರು ಹಾಗಲ್ಲ; ಹತ್ತಾರು ವರ್ಷ ಸುಮ್ಮನೆ ಬೆಳೆದು, ಒಂದೇ ಒಂದು ಸಲ ಹೂ ಬಿಟ್ಟು, ಅಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗುತ್ತದೆ. ಹೂ ಬಿಡುವ ಮುಂಚೆ ಮೆಳೆಯನ್ನೆಲ್ಲ ಕಡಿದರೆ ಅಲ್ಲಿ ಬೀಜವೇ ಬೀಳುವುದಿಲ್ಲ.

ಲಗ್ ಹುಳು ಕಾಫಿಯ ಹಾಗೆ. ಬೆಳೆದ ಹುಳು ಕೆಲವು ವರ್ಷ ಬದುಕಿ, ಶರತ್ಕಾಲ ಬಂದಂತೆಲ್ಲ ಸಂತಾನ ಮಾಡುತ್ತದೆ. ಗಂಡು ಇಳಿತದ ಹೊತ್ತಿಗೆ ಮರಳಿನ ಮೇಲೆ ವೀರ್ಯದ ಬಿಳಿ ಕೊಳ ಬಿಡುತ್ತದೆ, ಉಬ್ಬರದ ನೀರು ಅದನ್ನು ಹೆಣ್ಣಿನ ಬಿಲಕ್ಕೆ ತಲುಪಿಸುತ್ತದೆ. ಮರಿಗಳು ದೊಡ್ಡವುಗಳ ನಡುವೆ ಇರದೆ ಬೇರೆಡೆ ಬೆಳೆದು, ಬಲಿತ ಮೇಲೆ ಬಂದು ಸೇರಿಕೊಳ್ಳುತ್ತವೆ. ಹೀಗಾಗಿ ಒಂದು ಜಾಗ ಬರಿದಾದರೂ ಹೊರಗಿನಿಂದ ತುಂಬಿಕೊಳ್ಳುವ ದಾರಿ ಇದೆ.

ರ‍್ಯಾಗ್ ಹುಳು ಎಂಬ ಇನ್ನೊಂದು ಕಡಲ ಹುಳು ಬಿದಿರಿನ ಹಾಗೆ. ಕೆಲವು ವರ್ಷ ಬೆಳೆದು, ಜೀವಮಾನದಲ್ಲಿ ಒಮ್ಮೆ ಮೊಟ್ಟೆಯಿಟ್ಟು ಸಾಯುತ್ತದೆ. ಈ ಗುಂಪಿನ ಹಲವು ಜಾತಿಗಳಲ್ಲಿ ಆ ಹೊತ್ತಿಗೆ ಹುಳುವಿನ ರೂಪವೇ ಬದಲಾಗುತ್ತದೆ. ಕಣ್ಣು ಹಿಗ್ಗುತ್ತದೆ, ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗುತ್ತವೆ, ಕೆಸರು ಬಿಟ್ಟು ಈಜುತ್ತ ಮೇಲೆ ಬರುತ್ತದೆ. ಮೇಯ್ನ್ ಕರಾವಳಿಯ ರಕ್ತಹುಳುವೂ ಒಂದೇ ಹೆರಿಗೆಯದು.

ಮೀನಿನ ವಿಷಯದಲ್ಲಿ ನಾವು ಕಲಿತ ಪಾಠ ಇಲ್ಲಿ ಕೈಕೊಡುತ್ತದೆ. ಬಲೆಯ ಕಣ್ಣು ದೊಡ್ಡದಿರಲಿ, ಸಣ್ಣ ಮೀನು ತಪ್ಪಿಸಿಕೊಳ್ಳಲಿ, ದೊಡ್ಡದನ್ನು ಹಿಡಿಯೋಣ ಎನ್ನುತ್ತೇವೆ. ದೊಡ್ಡ ಮೀನು ಆಗಲೇ ಒಂದೆರಡು ಸಲ ಮೊಟ್ಟೆಯಿಟ್ಟಿರುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಒಂದೇ ಸಲ ಹೆರುವ ಹುಳುವಿನಲ್ಲಿ ಅತಿ ದೊಡ್ಡದು ಎಂದರೆ ಇನ್ನೂ ಹೆರದೇ ಇರುವುದು, ಇನ್ನೇನು ಹೆರಲಿರುವುದು. ಮಾರುಕಟ್ಟೆಯಲ್ಲಿ ಬೆಲೆಯೂ ಅದಕ್ಕೇ ಹೆಚ್ಚು. ಸಣ್ಣದನ್ನು ಬಿಟ್ಟು ದೊಡ್ಡದನ್ನು ಮಾತ್ರ ಹೆಕ್ಕುವವನು ತಾನು ನಿಯಮದಂತೆ ನಡೆಯುತ್ತಿದ್ದೇನೆ ಎಂದುಕೊಂಡೇ ಬಸುರಿಗಳನ್ನೆಲ್ಲ ಖಾಲಿ ಮಾಡಬಲ್ಲ. ಆದ್ದರಿಂದ ಇಂಥ ಹುಳುವಿಗೆ ಅಳತೆಯ ಕಟ್ಟಳೆ ಸಾಲದು. ಹೆರುವ ತಿಂಗಳಲ್ಲಿ ಕೈ ತಡೆಯಬೇಕು, ಇಲ್ಲವೇ ಒಂದಷ್ಟು ನೆಲವನ್ನು ಮುಟ್ಟದೆ ಬಿಡಬೇಕು. ಮೊದಲನೆಯದು ನಮಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ, ಮಡಿಕೇರಿ ಸಂತೆಯಲ್ಲಿ ಬಂಗುಡೆಯ ಬೆಲೆ ಏರುತ್ತದೆ, ನಾವು ಏಡಿ ಕಡೆಗೆ ತಿರುಗುತ್ತೇವೆ.

ಎರಡನೆಯದೂ ಹೊಸದಲ್ಲ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಸುತ್ತಲಿನ ಕಾಡು ತೋಟವಾದರೂ ಅಲ್ಲಿನ ಮರದ ಬೀಜವನ್ನು ಹಕ್ಕಿ ಹೊರಗೆ ತಂದು ಹಾಕುತ್ತದೆ. ಕೆಸರಿನ ದೇವರಕಾಡು ಏನು ಮಾಡಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಈಶಾನ್ಯ ತೀರದ ಬಡ್ಲ್ ಕೊಲ್ಲಿ ಸಾಕ್ಷಿ. 1984ರಲ್ಲಿ ಅಲ್ಲಿ ಆರೇ ವಾರಗಳಲ್ಲಿ ಸುಮಾರು 40 ಲಕ್ಷ ಲಗ್ ಹುಳುಗಳನ್ನು ಅಗೆದು ತೆಗೆದರು. ಚದರ ಮೀಟರಿಗೆ 40ಕ್ಕೂ ಹೆಚ್ಚಿದ್ದ ಹುಳುಗಳು ಒಂದಕ್ಕಿಂತ ಕಡಿಮೆಗೆ ಇಳಿದವು. ಅಗೆತ ನಿಂತ ಮೇಲೆ ಕೆಲವೇ ತಿಂಗಳುಗಳಲ್ಲಿ ಹುಳುಗಳು ಮತ್ತೆ ತುಂಬಿಕೊಂಡವು. ಕಾರಣ, ಪಕ್ಕದಲ್ಲೇ ಯಾರೂ ಅಗೆಯದೆ ಉಳಿದ ವಿಶಾಲವಾದ ಬಯಲೊಂದಿತ್ತು. ಈ ಕಥೆಯನ್ನು "ನೋಡಿ, ಎಷ್ಟು ತೆಗೆದರೂ ತಾನೇ ಬರುತ್ತದೆ" ಎಂದು ಹೇಳುವವರೂ ಇದ್ದಾರೆ. ಪಕ್ಕದ ಬಯಲನ್ನು ಮರೆತರೆ ಹಾಗೆ ಹೇಳಬಹುದು.

ಮರಳಿ ಬಾರದ ಕಥೆಯೂ ಇದೆ. ಹಾಲೆಂಡಿನ ವಾಡನ್ ಸಮುದ್ರದಲ್ಲಿ ಹುಳು ತೆಗೆಯಲು ದೋಣಿಗೆ ಕಟ್ಟಿದ ಯಂತ್ರಗಳನ್ನು ಬಳಸುತ್ತಾರೆ. ಅವು ಸುಮಾರು 40 ಸೆಂಟಿಮೀಟರ್ ಆಳದ ಕಾಲುವೆ ತೋಡುತ್ತ ಸಾಗುತ್ತವೆ. ಒಂದು ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ನಾಲ್ಕು ವರ್ಷ ಹೀಗೆ ತೋಡಿದ ಮೇಲೆ ಹುಳುಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಅದು ದೊಡ್ಡ ಸುದ್ದಿಯಲ್ಲ. ಅದೇ ಕೆಸರಿನಲ್ಲಿದ್ದ, ಯಾರಿಗೂ ಬೇಡವಾಗಿದ್ದ ಒಂದು ದೊಡ್ಡ ಮೆದುಚಿಪ್ಪಿನ ಮರುವಾಯಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಯಂತ್ರ ನಿಂತ ಮೇಲೂ ಆ ನೆಲ ಮೊದಲಿನಂತಾಗಲು ಹಲವು ವರ್ಷ ಹಿಡಿಯಿತು. ಹಣ್ಣಾದ ಕಾಫಿಯನ್ನು ಒಂದೊಂದಾಗಿ ಕೊಯ್ಯುವುದಕ್ಕೂ ಕೊಂಬೆಯನ್ನೇ ಸೀಳಿ ಎಳೆಯುವುದಕ್ಕೂ ಇರುವ ಅಂತರ ಇದು. ಮೇಯ್ನ್ ರಾಜ್ಯದಲ್ಲಿ ಹುಳುವನ್ನು ಕೈಬಲದ ಸಲಕರಣೆಯಿಂದ ಮಾತ್ರ ತೆಗೆಯಬೇಕೆಂಬ ಕಾನೂನಿದೆ, ಮಾರುವವರಿಗೆ ಪರವಾನಗಿ ಬೇಕು. ಸೊಂಟ ನೋಯುವುದೇ ಅಲ್ಲಿ ಹುಳುವಿನ ರಕ್ಷಣೆ ಎನ್ನಬಹುದು.

ಕೈಯಲ್ಲಿ ಅಗೆದರೂ ಎಲ್ಲ ಸರಿ ಎಂದಲ್ಲ. ಅಗೆದ ಕೆಸರನ್ನು ಪಕ್ಕಕ್ಕೆ ಗುಡ್ಡೆ ಹಾಕಿ ಹೋದರೆ ಗುಡ್ಡೆಯ ಅಡಿಯಲ್ಲಿ ಸಿಕ್ಕ ಮರುವಾಯಿಗಳು ಉಸಿರುಗಟ್ಟಿ ಸಾಯುತ್ತವೆ. ಗುಂಡಿಯಲ್ಲಿ ನೀರು ನಿಂತು ಅದರ ತಳ ಮತ್ತೆ ಗಟ್ಟಿಯಾಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಹಳೆಯ ಬಂದರುಗಳ ಕೆಸರಿನಲ್ಲಿ ಇನ್ನೊಂದು ಅಪಾಯವಿದೆ. ಕೆಳಪದರದಲ್ಲಿ ಹೂತುಹೋಗಿದ್ದ ಸೀಸ, ಕ್ಯಾಡ್ಮಿಯಂ ಮೇಲೆ ಬಂದು ಜೀವಿಗಳ ಮೈ ಸೇರುವುದನ್ನು ಇಂಗ್ಲೆಂಡಿನ ಅದೇ ಈಶಾನ್ಯ ತೀರದಲ್ಲಿ ಗುರುತಿಸಿದ್ದಾರೆ. ಹಾಗಾಗಿ ಗುಂಡಿ ಮುಚ್ಚುವುದು ಬರಿಯ ಶಿಷ್ಟಾಚಾರವಲ್ಲ. ಎತ್ತಿದ ಕಲ್ಲನ್ನು ಇದ್ದ ಮಗ್ಗುಲಿಗೇ ಮತ್ತೆ ಕವುಚಿಡುವುದೂ ಹಾಗೆಯೇ, ಅದರ ಅಡಿಯ ನೆರಳಿನಲ್ಲಿ ಒಂದು ಊರೇ ಇರುತ್ತದೆ. ಲಗ್ ಹುಳುವಿಗೆ ಅಗೆತವೇ ಬೇಡವೆಂದು ಕೆಲವರು ಹೋಳಿಯ ಪಿಚಕಾರಿಯಂಥ ಕೊಳವೆ ಬಳಸುತ್ತಾರೆ. ಮರಳಿನ ಸುರುಳಿಯ ಮೇಲೆ ಕೊಳವೆಯಿಟ್ಟು ಹಿಡಿಯನ್ನು ಎಳೆದರೆ ಹುಳುವೂ ಮುಷ್ಟಿ ಮರಳೂ ಬರುತ್ತದೆ, ಸುತ್ತಲಿನ ನೆಲ ಅಲುಗುವುದಿಲ್ಲ.

ಹಕ್ಕಿನ ಜಗಳ ಇಲ್ಲಿಯೂ ಇದೆ. ಇಂಗ್ಲೆಂಡಿನ ಬೌಲ್ಮರ್ ಎಂಬ ಮೀನುಗಾರರ ಹಳ್ಳಿಯ ತೀರದಲ್ಲಿ ಹುಳು ಅಗೆಯುವುದನ್ನು ಸ್ಥಳೀಯ ಆಡಳಿತ ತಡೆಯಲು ಹೋದಾಗ ವಿಷಯ ಕೋರ್ಟಿಗೆ ಹೋಯಿತು. 1993ರ ತೀರ್ಪು ಸಮುದ್ರದಲ್ಲಿ ಮೀನು ಹಿಡಿಯುವ ಸಾರ್ವಜನಿಕ ಹಕ್ಕಿನ ಜೊತೆಗೆ, ತನ್ನ ಗಾಳಕ್ಕೆ ಬೇಕಾದಷ್ಟು ಹುಳು ಅಗೆಯುವ ಹಕ್ಕೂ ಸೇರಿದೆ ಎಂದಿತು. ಮಾರಲು ಅಗೆಯುವುದು ಆ ಹಕ್ಕಿನಲ್ಲಿ ಬರುವುದಿಲ್ಲ ಎಂದೂ ಹೇಳಿತು. ನನಗೆ ಈ ಗೆರೆ ಸರಿಯಾಗಿಯೇ ಕಾಣುತ್ತದೆ. ಹೊಳೆ ಬದಿಯಲ್ಲಿ ಸಾರಿಗೆ ಬೇಕಾದಷ್ಟು ಕೆಸವಿನ ಸೊಪ್ಪು ಕೊಯ್ಯುವವನನ್ನೂ ಜೀಪಿನಲ್ಲಿ ತುಂಬಿಸುವವನನ್ನೂ ನಾವು ಒಂದೇ ಕಣ್ಣಿನಿಂದ ನೋಡುವುದಿಲ್ಲ.

ಭಾರತದಲ್ಲಿ ಈ ಹುಳುವಿನ ದೊಡ್ಡ ಗಿರಾಕಿ ಗಾಳದವನಲ್ಲ, ಸೀಗಡಿ ಮರಿ ಮಾಡುವ ಕೇಂದ್ರ. ತಾಯಿ ಸೀಗಡಿ ಚೆನ್ನಾಗಿ ಮೊಟ್ಟೆ ಕಟ್ಟಬೇಕಾದರೆ ಅದಕ್ಕೆ ಕಡಲ ಹುಳು ತಿನ್ನಿಸುತ್ತಾರೆ, ಹುಳುವಿನ ಕೊಬ್ಬಿನಲ್ಲಿ ಅದಕ್ಕೆ ಬೇಕಾದ ಅಂಶಗಳಿವೆ. ಪೂರ್ವ ಕರಾವಳಿಯ ಕೆಸರಿನಿಂದ ಅಗೆದ ಹುಳುಗಳು ಈ ಕೇಂದ್ರಗಳಿಗೆ ಹೋಗುತ್ತಿದ್ದವು. ಆದರೆ ಹೀಗೆ ಅಗೆದ ಹುಳು ಕೆಸರಿನ ಜೊತೆಗೆ ಸೀಗಡಿಯ ಬಿಳಿಚುಕ್ಕೆ ರೋಗದ ವೈರಸ್ಸನ್ನೂ ನುಂಗಿ ತಾಯಿ ಸೀಗಡಿಗೆ ದಾಟಿಸಬಲ್ಲದು ಎಂದು ನಮ್ಮ ವಿಜ್ಞಾನಿಗಳೇ ತೋರಿಸಿಕೊಟ್ಟರು. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ ಹುಳುವನ್ನು ತೊಟ್ಟಿಯಲ್ಲೇ ಸಾಕುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಇಂಗ್ಲೆಂಡಿನಲ್ಲಿ ವಿದ್ಯುತ್ ಸ್ಥಾವರದ ಬಿಸಿ ನೀರು ಬಳಸಿ ರ‍್ಯಾಗ್ ಹುಳುವನ್ನು ಬೇಗ ಬೆಳೆಸಿ ಮಾರಿದ್ದಾರೆ. ಸಾಕಿದ ಹುಳು ಬಂದರೆ ಕೆಸರಿನ ಮೇಲಿನ ಒತ್ತಡ ಇಳಿಯುತ್ತದೆ, ನಿಜ. ಆದರೆ ಆ ಹುಳುವಿಗೂ ಏನನ್ನಾದರೂ ತಿನ್ನಿಸಬೇಕು. ಕಡಲಿನ ಮೀನುಪುಡಿಯನ್ನೇ ತಿನ್ನಿಸಿದರೆ ಲೆಕ್ಕ ಮತ್ತೆ ಕಡಲಿಗೇ ಬರುತ್ತದೆ. ಸೀಗಡಿ ಕೆರೆಯ ತಳದ ಕೊಳಕನ್ನೇ ಹುಳುವಿಗೆ ಆಹಾರ ಮಾಡುವ ಪ್ರಯೋಗಗಳು ನನಗೆ ಹೆಚ್ಚು ಬುದ್ಧಿವಂತಿಕೆಯವಾಗಿ ಕಾಣುತ್ತವೆ.

ಕೊನೆಗೆ, ಉಳಿದ ಎರೆಯನ್ನು ಏನು ಮಾಡುವುದು? ಮೇಯ್ನ್ ರಾಜ್ಯದ ಹುಳುಗಳನ್ನು ದೂರದೂರಿಗೆ ಕಳಿಸುವಾಗ ಒದ್ದೆಯಾಗಿರಲಿ ಎಂದು ಕಡಲಪಾಚಿಯಲ್ಲಿ ಸುತ್ತುತ್ತಾರೆ. ಆ ಪಾಚಿಯೊಳಗೆ ಸಣ್ಣ ಏಡಿ, ಶಂಖದ ಹುಳುಗಳ ಮರಿಗಳು ಉಚಿತ ಪ್ರಯಾಣ ಮಾಡಿ, ಅಮೆರಿಕದ ಇನ್ನೊಂದು ತೀರದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯವರೆಗೂ ತಲುಪಿವೆ. ಗಾಳ ಹಾಕಿದವನು ಸಂಜೆ ಡಬ್ಬಿಯನ್ನು ನೀರಿಗೆ ಕೊಡವಿ ಮನೆಗೆ ಹೋಗುತ್ತಾನೆ, ಅಷ್ಟೇ. ನಾವು ನಗುವ ಹಾಗಿಲ್ಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ಇಂದು ಹೇರಳವಾಗಿ ಸಿಗುವ ಎರೆಹುಳುಗಳಲ್ಲಿ ಒಂದು, ಪೊಂಟೋಸ್ಕೊಲೆಕ್ಸ್ ಎಂಬುದು, ಮೂಲತಃ ದಕ್ಷಿಣ ಅಮೆರಿಕದ್ದು.

ಚಂದ್ರಗಿರಿಯ ದಡದಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ಆ ಹಿರಿಯರು ತಮ್ಮ ಹುಳುಗಳಲ್ಲಿ ಐದನ್ನು ನನ್ನ ಅಂಗೈಗೆ ಹಾಕಿದರು. ನಾನು ಬಿಳಿಚಿದ ಒಂದೆರಡನ್ನು ಹೆಕ್ಕಿ ಎಸೆದು ಕರಟವನ್ನು ನೀರಿಗೆ ಬೋರಲು ಹಾಕಲು ಹೋದಾಗ ಕೈ ಅಡ್ಡ ಹಿಡಿದರು. "ಎಸೆಯಬೇಡಿ, ಮೇಲೆ ಸಿಹಿನೀರಿನಲ್ಲಿ ಮೊಮ್ಮಗ ಗಾಳ ಹಾಕುತ್ತಾನೆ." ನಾನು ಸಂತೋಷದಿಂದಲೇ ಕೊಟ್ಟುಬಿಟ್ಟೆ, ಹುಳುಗಳ ಕುಲಗೋತ್ರ ಕೇಳದೆ, ಘಾಟಿ ಇಳಿಸಿ ತಂದದ್ದನ್ನು ಇನ್ನೊಬ್ಬರ ಹೊಳೆಗೆ. ಮುಂದಿನ ಸಲ ಹೋದಾಗ ವಿಚಾರಿಸಿದೆ. ಒಂದು ಬಾಳೆಮೀನು ಸಿಕ್ಕಿತಂತೆ, ಉಳಿದ ಹುಳುಗಳನ್ನು ಹುಡುಗ ಅಜ್ಜಿಯ ಮಲ್ಲಿಗೆ ಬುಡಕ್ಕೆ ಬಿಟ್ಟನಂತೆ. ಕರಟ ಮಾತ್ರ ವಾಪಸು ಸಿಗಲಿಲ್ಲ.